ಬಲಗಡೆಯ ಹೂ

ಹೊಳೆನರಸೀಪುರದ ಪೇಟೆಬೀದಿಯ ನಮ್ಮ ಮನೆಯಲ್ಲಿ ಮನುಷ್ಯರು ಯಾವ ತೀರ್ಮಾನವನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಆ ಇಲಾಖೆ ಸಂಪೂರ್ಣವಾಗಿ ವೀರಭದ್ರಸ್ವಾಮಿಯ ವಶದಲ್ಲಿತ್ತು. ನಡುಮನೆ ದಾಟಿದರೆ ಒಂದು ಪಕ್ಕ ಅಡುಗೆಮನೆ, ಇನ್ನೊಂದು ಪಕ್ಕ ದೇವರಮನೆ. ದೇವರಮನೆಯ ಗೂಡಿನಲ್ಲಿ ಅಂಗೈಯಗಲದ ಒಂದು ಹಿತ್ತಾಳೆಯ ಮುಖ. ಉರಿಗಣ್ಣು, ಹುರಿಮೀಸೆ, ತಲೆಯ ಮೇಲೆ ಕಿರೀಟ. ಅಷ್ಟು ಚಿಕ್ಕ ಮುಖದಿಂದ ಏಳು ಜನರ ಸಂಸಾರದ ಆಡಳಿತ ನಡೆಯುತ್ತಿತ್ತು. ಗೋಡೆಗೆ ಈ ವರ್ಷ ಸುಣ್ಣ ಹೊಡೆಸಬೇಕೆ, ಅರಕಲಗೂಡಿನ ನಂಟರ ಮದುವೆಗೆ ಹೋಗಬೇಕೆ ಬಿಡಬೇಕೆ, ಚಿಕ್ಕಪ್ಪನ ದವಡೆಹಲ್ಲು ಕೀಳಿಸಬೇಕೆ ಇನ್ನಷ್ಟು ದಿನ ಲವಂಗ ಇಟ್ಟು ನೋಡಬೇಕೆ, ಎಲ್ಲವೂ ಅಲ್ಲಿಗೇ ಹೋಗಬೇಕು. ಬೀದಿಯಲ್ಲಿ ಎಲ್ಲರ ಮನೆಗೂ ಗ್ಯಾಸ್ ಒಲೆ ಬಂದ ಮೇಲೂ ನಾಲ್ಕು ವರ್ಷ ಅಮ್ಮ ಊದುಗೊಳವೆ ಹಿಡಿದು ಕೆಮ್ಮಿದ್ದು ಸ್ವಾಮಿಯ ಅಪ್ಪಣೆಯಂತೆ. ಅಪ್ಪ ಪೇಟೆಯಲ್ಲಿ ದಿನಸಿ ಅಂಗಡಿ ಇಟ್ಟಿದ್ದವರು, ಊರಿಗೆಲ್ಲ ವ್ಯವಹಾರಸ್ಥರು. ಮನೆಗೆ ಬಂದರೆ ಅವರ ಸ್ಥಾನ ಅರ್ಜಿ ಹಿಡಿದು ನಿಂತ ರೈತನದು.

ಅರ್ಜಿ ಸಲ್ಲಿಸುವ ಕ್ರಮ ಹೀಗೆ. ಸೋಮವಾರ ಬೆಳಗ್ಗೆ ಸ್ವಾಮಿಯ ಮುಖವನ್ನು ಹುಣಸೆಹಣ್ಣು ಹಾಕಿ ತೊಳೆದು ಗೂಡಿನಲ್ಲಿಟ್ಟು, ಎರಡು ಕಣಗಿಲೆ ಹೂಗಳನ್ನು ನೀರಿನಲ್ಲಿ ಅದ್ದಿ, ಕಿರೀಟದ ಬಲಕ್ಕೊಂದು ಎಡಕ್ಕೊಂದು ಅಂಟಿಸುವುದು. ಅಜ್ಜಿ ಕೈಮುಗಿದು ಪ್ರಶ್ನೆ ಕೇಳುವಳು. ನೀರು ಆರುತ್ತ ಬಂದ ಹಾಗೆ ಯಾವುದಾದರೊಂದು ಹೂ ಜಾರಿ ಬೀಳುವುದು. ಬಲಗಡೆಯದು ಬಿದ್ದರೆ ಆಗಲಿ ಎಂದರ್ಥ, ಎಡಗಡೆಯದು ಬಿದ್ದರೆ ಬೇಡ. ಒಂದು ಪ್ರಶ್ನೆಯನ್ನು ಅದೇ ವರ್ಷ ಎರಡನೆಯ ಸಲ ಕೇಳುವಂತಿಲ್ಲ. ಬೀಳದೆ ಉಳಿದ ಹೂವನ್ನು ಮುಂದಿನ ಸೋಮವಾರ ಮುಖ ತೊಳೆಯುವ ತನಕ ಯಾರೂ ಮುಟ್ಟುವಂತಿಲ್ಲ. ಸ್ವಾಮಿ ತಪ್ಪು ಹೇಳಿದ ದಾಖಲೆ ಇರಲಿಲ್ಲ. ಅವನು ಬೇಡ ಎಂದದ್ದನ್ನು ಯಾರೂ ಮಾಡಿ ನೋಡದಿದ್ದುದರಿಂದ ಇರುವ ಸಾಧ್ಯತೆಯೂ ಇರಲಿಲ್ಲ.

ಅಜ್ಜಿಯನ್ನು ನೋಡಿ ನಗುವ ಮೊದಲು ಒಂದು ಮಾತು ಹೇಳಬೇಕು. ಅಜ್ಜ ಬದುಕಿದ್ದಾಗ ಈ ಪದ್ಧತಿ ವರ್ಷಕ್ಕೊಂದೆರಡು ಸಲದ್ದಂತೆ. ಅವರು ಒಂದು ದಿನ ಎಂದಿನಂತೆ ಚನ್ನರಾಯಪಟ್ಟಣದ ಸಂತೆಗೆ ಹೋದರು. ಮೆಣಸಿನಕಾಯಿ ರಾಶಿಯ ಮುಂದೆ ಚೌಕಾಸಿ ಮಾಡುತ್ತಿದ್ದವರು ಎದೆ ಹಿಡಿದುಕೊಂಡು ಕೂತು, ಮತ್ತೆ ಏಳಲಿಲ್ಲ. ಅವತ್ತು ಹೂ ಕೇಳಿರಲಿಲ್ಲ. ಸಂತೆಗೆ ಹೋಗುವುದಕ್ಕೆ ಯಾರು ಕೇಳುತ್ತಾರೆ? ಆದರೆ ಅಜ್ಜಿಯ ತಲೆಯಲ್ಲಿ ಎರಡು ಸಂಗತಿಗಳೂ ಒಂದಕ್ಕೊಂದು ಗಂಟುಬಿದ್ದವು. ಅವತ್ತಿನಿಂದ ಅವಳು ನಾಳೆ ಎಂಬುದನ್ನು ಕೇಳದೆ ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ.

ನನಗೆ ಒಂಬತ್ತು ವರ್ಷವಾಗುವ ಹೊತ್ತಿಗೆ ಅಜ್ಜಿಯ ಕೈ ನಡುಗಲು ಶುರುವಾಗಿತ್ತು. ನಡುಗುವ ಕೈ ಅಂಟಿಸಿದ ಹೂ ಪ್ರಶ್ನೆ ಮುಗಿಯುವ ಮೊದಲೇ ಬಿದ್ದು, ಸ್ವಾಮಿ ಅವಸರಗೇಡಿಯೆಂಬ ಅಪವಾದ ಬರುವಂತಾಯಿತು. ಹಾಗಾಗಿ ಹೂ ಅಂಟಿಸುವ ಅಧಿಕಾರ ನನಗೆ ವರ್ಗವಾಯಿತು. ಅಮ್ಮ, ಮಗು ಏನಾದರೂ ಹೆಚ್ಚುಕಮ್ಮಿ ಮಾಡೀತು ಅಂದಿದ್ದಕ್ಕೆ ಅಜ್ಜಿ ಕೊಟ್ಟ ಉತ್ತರ ಇವತ್ತಿಗೂ ನನ್ನ ಕಿವಿಯಲ್ಲಿದೆ.

"ಮಕ್ಳ ಕೈಯಾಗೆ ಕಳ್ಳತನ ಇರಾಕಿಲ್ಲ ಕಣಮ್ಮಿ. ಅದ್ಕೇ ನೀಲಿ ಕೈಗೆ ಕೊಟ್ಟಿರೋದು."

ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದ ನೀಲಿಯೆಂಬ ನಾನು ಆ ಹುದ್ದೆಯನ್ನು ಎಷ್ಟು ಗಂಭೀರವಾಗಿ ತೆಗೆದುಕೊಂಡೆನೆಂದರೆ, ಸೋಮವಾರಗಳಂದು ತಮ್ಮನ ಜೊತೆ ಮಾತಾಡುತ್ತಿರಲಿಲ್ಲ.

ಇನ್ನು ಗಂಗತ್ತೆಯ ವಿಷಯ. ಅವಳು ಅಪ್ಪನ ತಂಗಿ. ಆಗ ಅವಳಿಗೆ ಇಪ್ಪತ್ತನಾಲ್ಕಿರಬೇಕು. ದಿನಾ ಹಾಸನಕ್ಕೆ ಬಸ್ಸಿನಲ್ಲಿ ಓಡಾಡಿ ಟಿಸಿಎಚ್ ಎಂಬ ಶಿಕ್ಷಕರ ತರಬೇತಿ ಮುಗಿಸಿದ್ದಳು. ಕತ್ತಲಾಗುವುದರೊಳಗೆ ಮನೆ ಸೇರಬೇಕೆಂಬ ಷರತ್ತಿನ ಮೇಲೆ ಸ್ವಾಮಿ ಅದಕ್ಕೆ ಬಲಗಡೆ ಕೊಟ್ಟಿದ್ದ. ನನ್ನ ಬೆಳಗು ಶುರುವಾಗುತ್ತಿದ್ದುದು ಅವಳಿಂದ. ಹಿತ್ತಲ ಮೆಟ್ಟಿಲಿನ ಮೇಲಿನ ಹಂತದಲ್ಲಿ ಅವಳು, ಕೆಳಗಿನ ಹಂತದಲ್ಲಿ ನಾನು. ನನ್ನ ತಲೆಯನ್ನು ಎರಡು ಮಂಡಿಗಳ ನಡುವೆ ಹಿಡಿದುಕೊಂಡು, ಕೊಬ್ಬರಿಎಣ್ಣೆ ತಿಕ್ಕಿ, ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುವಷ್ಟು ಬಿಗಿಯಾಗಿ ಎರಡು ಜಡೆ ಹೆಣೆಯುವಳು. ಹೆಣೆಯುತ್ತ ಹಾಸನದ ಬಸ್ಸಿನ ವರದಿ ಒಪ್ಪಿಸುವಳು: ಕಂಡಕ್ಟರು ಯಾರ ಕೋಳಿಗೆ ಟಿಕೆಟ್ಟು ಕೇಳಿದ, ಯಾವ ಮುದುಕಿ ಯಾರ ಮೇಲೆ ವಾಂತಿ ಮಾಡಿಕೊಂಡಳು. ಜಗತ್ತಿನ ಬಗ್ಗೆ ನನಗೆ ಮೊದಲು ಬಂದ ಸುದ್ದಿಗಳೆಲ್ಲ ಬೆನ್ನ ಹಿಂದಿನಿಂದಲೇ ಬಂದವು. ಅಮ್ಮ ಜಡೆ ಹಾಕುವುದೆಂದರೆ ಸೊಪ್ಪಿನ ಕಟ್ಟು ಕಟ್ಟಿದಂತೆ. ಶಾಲೆ ಬಿಡುವ ಹೊತ್ತಿಗೆ ಬಿಚ್ಚಿಹೋಗುತ್ತಿತ್ತು.

ಒಂದು ಮಧ್ಯಾಹ್ನ ಎಲ್ಲರೂ ಮುದ್ದೆ ಉಣ್ಣುತ್ತಿರುವಾಗ ಅಂಚೆಯವನು ಕಂದು ಲಕೋಟೆ ಕೊಟ್ಟು ಹೋದ. ಗಂಗತ್ತೆಗೆ ಸರ್ಕಾರಿ ಶಾಲೆಯ ನೇಮಕಾತಿ. ಅರಕಲಗೂಡು ದಾಟಿ ಇನ್ನೂ ಒಳಗಿನ ಒಂದು ಹಳ್ಳಿ. ಹದಿನೈದು ದಿನದೊಳಗೆ ಹಾಜರಾಗಬೇಕು. ಬೆಳಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು, ಹೋಗಿ ಬರುವ ಮಾತೇ ಇಲ್ಲ, ಅಲ್ಲೇ ರೂಮು ಮಾಡಿಕೊಂಡಿರಬೇಕು. ಅಪ್ಪ ಎಡಗೈಯಲ್ಲಿ ಕಾಗದ ಹಿಡಿದು ಎರಡು ಸಲ ಓದಿ ಅಜ್ಜಿಯ ಮುಖ ನೋಡಿದರು. ಅಜ್ಜಿ, ರೂಮಿನ ಬಾಗಿಲಿಗೆ ಚಿಲಕ ಎಂಥದ್ದು, ನೀರು ಎಷ್ಟು ದೂರ, ಜ್ವರ ಬಂದರೆ ನೋಡುವವರು ಯಾರು ಎಂದು ಒಂದರ ಹಿಂದೆ ಒಂದು ಕೇಳಿದಳು. ಇವ್ಯಾವುದಕ್ಕೂ ಲಕೋಟೆಯೊಳಗೆ ಉತ್ತರವಿರಲಿಲ್ಲ. ಗಂಗತ್ತೆ ಹೋಗಿ ನೋಡಿದರೆ ತಾನೇ ಗೊತ್ತಾಗೋದು ಅಂದಳು. ನಮ್ಮ ಮನೆಯಲ್ಲಿ ಅಂಥ ಮಾತು ಅದಕ್ಕೆ ಮೊದಲು ಯಾರೂ ಆಡಿರಲಿಲ್ಲ. ಚಿಕ್ಕಪ್ಪ ಬಾಯಿಗಿಟ್ಟ ಮುದ್ದೆಯನ್ನು ನುಂಗಲು ಮರೆತು ಹಾಗೇ ಕೂತಿದ್ದ. ಕೊನೆಗೆ ಎಲ್ಲರೂ ನಿರೀಕ್ಷಿಸಿದ್ದೇ ಆಯಿತು: ಬರುವ ಸೋಮವಾರ ಕೇಳಿಬಿಡೋಣ.

ಸೋಮವಾರ ಬರುವ ತನಕ ಗಂಗತ್ತೆ ನೆಲದ ಮೇಲೆ ನಡೆಯಲಿಲ್ಲ. ಅಟ್ಟದ ಮೇಲಿನ ಹಳೆಯ ಟ್ರಂಕು ಇಳಿಸಿ ತುಕ್ಕು ಉಜ್ಜಿದಳು. ಅಡುಗೆಮನೆಯ ಗೋಡೆಯ ಮೇಲೆ ಇದ್ದಿಲಿನಲ್ಲಿ ಅ ಆ ಬರೆದು, ದೂರ ನಿಂತು, ಹಿಂದಿನ ಬೆಂಚಿಗೆ ಕಾಣುತ್ತದೆಯೇ ಎಂದು ನನ್ನನ್ನು ಕೇಳಿದಳು. ನನಗೆ ಜಡೆ ಹಾಕುತ್ತ, ರಜೆಯಲ್ಲಿ ನೀನೂ ಬಂದುಬಿಡು, ಇಬ್ಬರೇ ಇರೋಣ ಅಂದಳು. ನನ್ನ ಕಿವಿಗೆ ಬಿದ್ದದ್ದು ರಜೆ ಎಂಬ ಮಾತೊಂದೇ. ಅಂದರೆ ಉಳಿದ ದಿನ ಇಲ್ಲ. ಉಳಿದ ದಿನ ಮೆಟ್ಟಿಲ ಮೇಲೆ ಯಾರು ಕೂರುತ್ತಾರೆ ಎಂದು ನಾನು ಕೇಳಲಿಲ್ಲ. ಒಳಗೇ ತೀರ್ಮಾನ ಮಾಡಿಕೊಂಡೆ. ಮನೆಯಲ್ಲಿ ಮೊಟ್ಟಮೊದಲು ಸ್ವಂತ ತೀರ್ಮಾನ ತೆಗೆದುಕೊಂಡ ವ್ಯಕ್ತಿ ನಾನೇ ಇರಬೇಕು.

ಭಾನುವಾರ ಸಂಜೆ ಅಮ್ಮ ಅನ್ನ ಬಸಿಯುವಾಗ ಒಂದು ಕರಟದ ತುಂಬ ಗಂಜಿ ತೆಗೆದಿಟ್ಟುಕೊಂಡೆ. ನೋಟ್‌ಬುಕ್ಕಿಗೆ ಬೈಂಡು ಹಾಕುವುದಕ್ಕೆ ಅಂದೆ. ಸುಳ್ಳೇನಲ್ಲ, ಅಂಟಿಸುವುದಕ್ಕೇ. ಬೆಳಗಾಗುವ ಹೊತ್ತಿಗೆ ಅದು ಗಟ್ಟಿಯಾಗಿ ಕೆನೆಗಟ್ಟಿತ್ತು. ಹೂಬುಟ್ಟಿಯ ಹಿಂದೆ ಕರಟ ಮರೆಮಾಡಿಕೊಂಡು ದೇವರಮನೆಯಲ್ಲಿ ಕೂತೆ. ಅಜ್ಜಿ ಕಣ್ಣುಮುಚ್ಚಿ ಮಂತ್ರ ಹೇಳುತ್ತಿದ್ದಳು. ಬಾಗಿಲಾಚೆ ಅಪ್ಪ, ಅವರ ಹಿಂದೆ ಗಂಗತ್ತೆ. ಆ ಗಳಿಗೆಯಲ್ಲಿ ನನಗೊಂದು ಯೋಚನೆ ಬಂದದ್ದು ನಿಜ. ಸುಮ್ಮನೆ ಬಿಟ್ಟರೂ ಸ್ವಾಮಿ ಎಡಗಡೆಯೇ ಕೊಡಬಹುದು, ಆಗ ನನ್ನ ಮೇಲೆ ಪಾಪವೂ ಇಲ್ಲ. ಆದರೆ ಬಲಗಡೆಯೂ ಕೊಡಬಹುದು. ಬಿಟ್ಟು ನೋಡುವ ಧೈರ್ಯ ನನಗಿರಲಿಲ್ಲ. ಬಲಗಡೆಯ ಹೂವಿನ ಬೆನ್ನಿಗೆ ಗಂಜಿ ಮೆತ್ತಿ ಒತ್ತಿದೆ, ಎಡಗಡೆಯದಕ್ಕೆ ಬರಿಯ ನೀರು. ಅಜ್ಜಿ ಕಣ್ಣುಬಿಟ್ಟು ಸ್ಪಷ್ಟವಾಗಿ ಕೇಳಿದಳು.

"ಸ್ವಾಮಿ, ಮಗ್ಳು ಪರಸ್ಥಳಕ್ಕೆ ಓಗೋದು ಒಳ್ಳೇದಾದ್ರೆ ಬಲಗಡೆ ಕೊಡು, ಬ್ಯಾಡ ಅನ್ನಂಗಿದ್ರೆ ಎಡಗಡೆ ಕೊಡು. ತಡ ಮಾಡ್ಬ್ಯಾಡ, ಮನೆ ತುಂಬ ಕೆಲ್ಸ ಬಿದ್ದೈತೆ."

ಸ್ವಾಮಿ ತಡ ಮಾಡಲಿಲ್ಲ. ಎಡಗಡೆಯ ಹೂ ಮೊದಲು ತಲೆ ಬಾಗಿಸಿ, ಆಮೇಲೆ ಮೀಸೆಯ ಮೇಲೆ ಜಾರಿ, ತಟ್ಟೆಗೆ ಬಿತ್ತು. ಅಪ್ಪ ಕೆಮ್ಮಿ ಅಂಗಡಿಗೆ ಹೊರಟರು. ಅಜ್ಜಿ ಬಿದ್ದ ಹೂವನ್ನು ಕಣ್ಣಿಗೊತ್ತಿಕೊಂಡಳು. ಗಂಗತ್ತೆ ಒಳಗೆ ಹೋಗಿ, ಒದ್ದೆ ಬಟ್ಟೆ ತಂದು, ಅಡುಗೆಮನೆಯ ಗೋಡೆಯ ಮೇಲಿನ ಅ ಆ ಒರೆಸಿದಳು. ಇದ್ದಿಲು ಪೂರ್ತಿ ಹೋಗಲಿಲ್ಲ; ಮುಂದಿನ ಸುಣ್ಣದ ತನಕ ಅಲ್ಲೊಂದು ಬೂದಿಬಣ್ಣದ ಮೋಡ ಇತ್ತು, ಅದರ ಕೆಳಗೇ ಕೂತು ನಾನು ಉಣ್ಣುತ್ತಿದ್ದೆ.

ಬಲಗಡೆಯ ಹೂ ಬೀಳಲೇ ಇಲ್ಲ. ಮಂಗಳವಾರ ಬಾಡಿತು, ಗುರುವಾರ ಕಂದಿತು, ಶನಿವಾರದ ಹೊತ್ತಿಗೆ ಒಣಗಿದ ಜೇಡನಂತೆ ಕಿರೀಟಕ್ಕೆ ಕಚ್ಚಿಕೊಂಡಿತ್ತು. ದೇವರಮನೆಯ ಬಾಗಿಲು ದಾಟುವಾಗಲೆಲ್ಲ ನಾನು ಆ ಕಡೆ ನೋಡದೆ ಓಡುತ್ತಿದ್ದೆ. ಅಜ್ಜಿ ಮಾತ್ರ ಬಂದವರನ್ನೆಲ್ಲ ಕರೆದು ತೋರಿಸುತ್ತಿದ್ದಳು.

"ಒಣಗಿ ಕಡ್ಡಿಯಾದ್ರೂ ಬುಟ್ಟಿಲ್ಲ ನೋಡ್ರವ್ವ. ಅಷ್ಟು ಗಟ್ಯಾಗಿ ಬ್ಯಾಡ ಅಂತಾವ್ನೆ."

ಮುಂದಿನ ಸೋಮವಾರ ಮುಖ ತೊಳೆಯಲು ಬಂದವಳು ಗಂಗತ್ತೆ. ಆ ಕೆಲಸ ಮೊದಲಿನಿಂದಲೂ ಅವಳದೇ; ನನ್ನ ಯೋಜನೆಯಲ್ಲಿ ಆ ಒಂದು ಅಂಶ ಬಿಟ್ಟುಹೋಗಿತ್ತು. ಹಿತ್ತಲ ಕಲ್ಲಿನ ಮೇಲೆ ಅವಳು ಹುಣಸೆಹಣ್ಣು ಹಾಕಿ ಉಜ್ಜಿದಳು, ನೀರು ಹೊಯ್ದಳು, ಬಿಸಿಲಿಗೆ ಹಿಡಿದು ನೋಡಿದಳು, ಮತ್ತೆ ಉಜ್ಜಿದಳು. ಕಿರೀಟದ ಬಲಪಕ್ಕವನ್ನು ಉಗುರಿನಲ್ಲಿ ಕೆರೆದು, ಉಗುರನ್ನು ಸ್ವಲ್ಪ ಹೊತ್ತು ನೋಡುತ್ತ ಕೂತಳು. ನಾನು ಬಾಚಣಿಗೆ ಹಿಡಿದು ಮೆಟ್ಟಿಲ ಮೇಲೆ ಕಾಯುತ್ತಿದ್ದೆ. ಅವಳು ನನ್ನನ್ನು ದಾಟಿಕೊಂಡು ಒಳಗೆ ಹೋಗಿ ಅಮ್ಮನಿಗೆ ಹೇಳಿದ್ದು ಕೇಳಿಸಿತು.

"ಅತ್ಗೆ, ಇನ್ಮ್ಯಾಕೆ ನೀಲಿ ಜಡೆ ನೀವೇ ಹಾಕ್ಬುಡಿ."

ಯಾಕೆಂದು ನನಗೆ ಅರ್ಥವಾಗಲಿಲ್ಲ ಎಂದು ಬಹಳ ವರ್ಷ ನನ್ನನ್ನು ನಾನೇ ನಂಬಿಸಿಕೊಂಡೆ. ಕೆಲಸ ತಪ್ಪಿದ ಬೇಸರ, ಪಾಪ, ಎಂದುಕೊಂಡೆ. ಹದಿನೈದು ದಿನ ಮುಗಿಯುವುದಕ್ಕೆ ಆಗ ಇನ್ನೂ ಐದು ದಿನ ಬಾಕಿ ಇತ್ತು. ಹೇಳಬೇಕೆಂದಿದ್ದರೆ ಐದು ದಿನ ಕಡಿಮೆಯೇನಲ್ಲ. ನಾನು ಆ ಐದು ದಿನ ಏನು ಮಾಡಿದೆನೆಂಬುದನ್ನು ಬರೆಯಲೇಬೇಕು, ಯಾಕೆಂದರೆ ಇದುವರೆಗೆ ಯಾರಿಗೂ ಹೇಳಿಲ್ಲ. ಶಾಲೆಯಿಂದ ಬಂದ ಕೂಡಲೇ ಕ್ಯಾಲೆಂಡರಿನ ಮುಂದೆ ನಿಂತು ಎಣಿಸುತ್ತಿದ್ದೆ. ಕೊನೆಯ ದಿನ ಕಳೆದ ಸಂಜೆ ಅಮ್ಮ ಯಾವುದೋ ಕಾರಣಕ್ಕೆ ಒಬ್ಬಟ್ಟು ಮಾಡಿದ್ದಳು. ನಾನು ಮೂರು ತಿಂದು ನಾಲ್ಕನೆಯದಕ್ಕೆ ಕೈ ಚಾಚಿದೆ. ಬಡಿಸುತ್ತಿದ್ದವಳು ಗಂಗತ್ತೆ. ತುಪ್ಪವನ್ನೂ ಹಾಕಿದಳು.

ಅತ್ತೆ ಮನೆಯಲ್ಲೇ ಉಳಿದಳು. ನನಗೆ ಬೇಕಾಗಿದ್ದ ಅತ್ತೆ ಮಾತ್ರ ಆ ಮನೆಯಲ್ಲಿ ಇರಲಿಲ್ಲ. ಕರೆದರೆ ಓಗೊಡುವಳು, ಊಟಕ್ಕೆ ಬಡಿಸುವಳು, ಜ್ವರ ಬಂದರೆ ಹಣೆಗೆ ಒದ್ದೆ ಬಟ್ಟೆ ಹಾಕುವಳು. ತಲೆಗೂದಲನ್ನು ಮುಟ್ಟಲಿಲ್ಲ. ಬಂದ ಗಂಡುಗಳಿಗೆಲ್ಲ ಅವಳೇ ಒಲ್ಲೆ ಅಂದಳು. ಅಜ್ಜಿಗೆ ಹೂ ಕೇಳುವ ಪ್ರಸಂಗವೇ ಬರಲಿಲ್ಲ. ನಾನೂ ಹುದ್ದೆಗೆ ರಾಜೀನಾಮೆ ಕೊಟ್ಟೆ. ಕೈಯಲ್ಲಿ ನರುಲಿಯಾಗಿದೆ ಎಂದು ನೆವ ಹೇಳಿದೆ. ಅಧಿಕಾರ ತಮ್ಮನಿಗೆ ಹೋಯಿತು. ಅವನು ಪ್ರಾಮಾಣಿಕನಾದ್ದರಿಂದ ಒಂದು ಸೋಮವಾರ ಬಲಗಡೆಯದೇ ಬಿದ್ದು ಮನೆಗೆ ಗ್ಯಾಸ್ ಬಂತು.

ಅಜ್ಜಿ ತೀರಿಕೊಂಡ ಮೇಲೆ ಒಂದು ದಿನ ಗಂಗತ್ತೆ ಯಾರನ್ನೂ ಕೇಳದೆ ಚನ್ನರಾಯಪಟ್ಟಣದ ಬಸ್ಸು ಹತ್ತಿ, ದಂಡಿಗನಹಳ್ಳಿಯಲ್ಲಿ ಅಂಗನವಾಡಿ ಕೆಲಸ ಹಿಡಿದು ಬಂದಳು. ಸರ್ಕಾರಿ ಶಾಲೆಗೆ ಅರ್ಜಿ ಹಾಕುವ ವಯಸ್ಸು ದಾಟಿಹೋಗಿತ್ತು. ಅದಾದ ಮರುವರ್ಷವೇ ನನಗೆ ನೇಮಕಾತಿ ಬಂತು. ಊಹಿಸುವುದು ಕಷ್ಟವಲ್ಲ: ಪ್ರಾಥಮಿಕ ಶಾಲೆಯ ಶಿಕ್ಷಕಿ, ಅರಕಲಗೂಡು ತಾಲ್ಲೂಕು. ಈ ಸಲ ಅಪ್ಪ ದೇವರಮನೆಯ ಕಡೆ ನೋಡಲೂ ಇಲ್ಲ, ಓಗು ಮಗ ಅಂದರು ಅಷ್ಟೆ. ನನ್ನನ್ನು ಬಸ್ಸು ಹತ್ತಿಸಲು ಗಂಗತ್ತೆ ರಜೆ ಹಾಕಿ ಬಂದಳು. ತುಕ್ಕು ಉಜ್ಜಿದ ಅದೇ ಟ್ರಂಕನ್ನು ತಾನೇ ಎತ್ತಿ ಕಂಡಕ್ಟರಿಗೆ ಕೊಟ್ಟಳು. ಬಸ್ಸಿನ ಹಣೆಯ ಮೇಲಿದ್ದ ಅರಕಲಗೂಡು ಎಂಬ ಬೋರ್ಡನ್ನು ಓದಿ, ಕಿಟಕಿ ಪಕ್ಕ ಕೂತ್ಕೋ ಅಂದಳು. ಬಸ್ಸು ತಿರುಗುವ ತನಕ ಅವಳು ಅಲ್ಲೇ ನಿಂತಿದ್ದಳು. ನಾನು ಕಿಟಕಿಯಿಂದ ನೋಡಲಿಲ್ಲ. ಟಿಕೆಟ್ಟಿನ ಹಿಂದೆ ಏನು ಬರೆದಿದೆ ಎಂದು ಓದುತ್ತಿದ್ದೆ. ಅಲ್ಲಿ ಏನೂ ಬರೆದಿರಲಿಲ್ಲ.

ಮೂವತ್ತು ಚಿಲ್ಲರೆ ವರ್ಷ ಮೇಷ್ಟ್ರುಗಿರಿ ಮಾಡಿದೆ. ಹೆಡ್‌ಮಿಸ್ಸಾದ ಮೇಲೆ ವೇಳಾಪಟ್ಟಿ ಒಮ್ಮೆ ಅಂಟಿಸಿದರೆ ವರ್ಷವಿಡೀ ಅಲ್ಲಾಡಬಾರದು ಎಂಬ ನನ್ನ ನಿಯಮಕ್ಕೆ ಮೂರು ತಾಲ್ಲೂಕಿನಲ್ಲಿ ಹೆಸರಿತ್ತು. ವರ್ಗಾವಣೆ ಬಂದಾಗಲೆಲ್ಲ ಹಾಸಿಗೆ ಹಿಡಿಯುತ್ತಿದ್ದೆ. ಈಗ ಹಾಸನದಲ್ಲಿ ನಿವೃತ್ತಳಾಗಿ, ನಾಳೆಯ ತಿಂಡಿ ಏನೆಂಬುದು ಇವತ್ತು ಸಂಜೆಯೇ ಗೊತ್ತಿರುವ ಬದುಕು ಬದುಕುತ್ತಿದ್ದೇನೆ.

ಅದಕ್ಕೇ, ಎರಡು ತಿಂಗಳ ಕೆಳಗೆ ಗಂಗತ್ತೆಯ ಎಡಗಣ್ಣಿನ ಮುಂದೆ ಕಪ್ಪು ಪರದೆ ಇಳಿದಂತಾಗಿ, ಅವಳನ್ನು ಚನ್ನರಾಯಪಟ್ಟಣದ ಅವಳ ಬಾಡಿಗೆ ಮನೆಯಿಂದ ಹಾಸನದ ಕಣ್ಣಿನ ಆಸ್ಪತ್ರೆಗೆ ಕರೆತಂದಾಗ, ನಾನು ಡಾಕ್ಟರನ್ನು ಹಿಡಿದುಕೊಂಡೆ. ಚಿಕ್ಕ ವಯಸ್ಸಿನ ಹುಡುಗ. ಕಣ್ಣಿನ ಒಳಪದರ ಕಳಚಿಕೊಂಡಿದೆ, ಆಪರೇಷನ್ ಮಾಡಿ ಕೂರಿಸುತ್ತೇವೆ, ಕೂತರೆ ನೋಟ ಬರಬಹುದು, ಬರದೆಯೂ ಇರಬಹುದು, ಮೂರು ತಿಂಗಳು ಕಾದು ನೋಡಬೇಕು ಎಂದ. ಬರುತ್ತದೋ ಬರುವುದಿಲ್ಲವೋ ಒಂದು ಹೇಳಿ ಎಂದು ನಾನು ನಾಲ್ಕು ರೀತಿಯಲ್ಲಿ ಕೇಳಿದೆ. ಅವನು ನಾಲ್ಕು ಸಲವೂ ಗೊತ್ತಿಲ್ಲ ಮೇಡಂ ಅಂದ. ಗಂಗತ್ತೆ ನನ್ನ ಸೆರಗು ಹಿಡಿದು ಎಳೆದಳು.

"ಸುಮ್ಕಿರೇ. ಗೊತ್ತಿಲ್ಲ ಅಂತ ಬಾಯ್ಬಿಟ್ಟು ಹೇಳ್ತಾ ಇದ್ದಾನೆ, ಇವನತ್ರಾನೇ ಮಾಡಿಸ್ಕೋತೀನಿ. ಗೊತ್ತು ಅನ್ನೋರ ಮನೇಲಿ ಇದ್ದು ಬಂದೋಳು ನಾನು."

ಆಪರೇಷನ್ ದಿನ ಬೆಳಗ್ಗೆ ನರ್ಸು ಬಂದು, ಇವರಿಗೆ ಎರಡು ಜಡೆ ಹಾಕಿ, ಹೂ ತೆಗೀರಿ ಎಂದು ಹೇಳಿ ಹೋದಳು. ಗಂಗತ್ತೆ ಮಂಚದ ಮೇಲೆ ಕಾಲು ಇಳಿಬಿಟ್ಟು ಕೂತಳು, ನಾನು ಅವಳ ಬೆನ್ನ ಹಿಂದೆ. ಕೂದಲು ಬೆಳ್ಳಗೆ, ಹಿಡಿದರೆ ಮುಷ್ಟಿಯೂ ತುಂಬುವುದಿಲ್ಲ. ಬೈತಲೆ ತೆಗೆದು ಎರಡು ಪಾಲು ಮಾಡಿದೆ. ಮುಖ ಕಾಣದಿದ್ದ ಧೈರ್ಯದಲ್ಲಿ ಹೇಳಿಬಿಟ್ಟೆ.

"ಅತ್ತೆ, ಅವತ್ತು ಬಲಗಡೆ ಹೂವಿಗೆ ನಾನು ಗಂಜಿ ಹಚ್ಚಿದ್ದೆ."

ಅವಳು ತಲೆ ಅಲ್ಲಾಡಿಸಲಿಲ್ಲ.

"ಮುಖ ತೊಳೀತಿದ್ದೋಳು ನಾನು ಕಣೆ. ಗಂಧ ಯಾವ್ದು ಗಂಜಿ ಯಾವ್ದು ಗೊತ್ತಾಗಲ್ವಾ?"

"ಮತ್ತೆ ಯಾಕೆ ಹೇಳ್ಲಿಲ್ಲ? ಇನ್ನೂ ಐದು ದಿನ ಇತ್ತು."

"ಹೇಳಿದ್ರೆ ಆ ಹೂ ಲೆಕ್ಕಕ್ಕಿಲ್ಲ ಅಂತ ಅವ್ವ ಇನ್ನೊಂದ್ಸಲ ಕೇಳೋಳು. ಆಗ ಸ್ವಾಮೀನೇ ಎಡಗಡೆ ಕೊಟ್ಬುಟ್ಟಿದ್ರೆ? ನೀನು ಬ್ಯಾಡ ಅಂದಿದ್ದು ಅಂತ ಆದ್ರೆ ನಿನ್ ಮ್ಯಾಲೆ ಸಿಟ್ಟು ಮಾಡ್ಕೋಬೋದು. ಅವನ ಮ್ಯಾಲೆ ಸಿಟ್ಟು ಇಟ್ಕೊಂಡು ವಾರ ವಾರ ಅವನ ಮುಖ ತೊಳೆಯೋದು ಎಂಗೆ?"

ಒಂದು ಜಡೆ ಮುಗಿದಿತ್ತು. ಇನ್ನೊಂದನ್ನು ಮೂರು ಎಳೆ ಮಾಡಿಕೊಳ್ಳುತ್ತ, ಆ ಸಿಟ್ಟು ಎಲ್ಲಿಯ ತನಕ ಇತ್ತು ಎಂದು ಕೇಳಿದೆ.

"ನಿನ್ನ ಬಸ್ ಹತ್ಸೋಗಂಟ."

"ಅವತ್ತು ಹೋಯ್ತಾ?"

"ಅವತ್ತು ಜಾಸ್ತಿ ಆಯ್ತು."

ನನ್ನ ಕೈ ನಿಂತಿತು. ಅವಳು ತಾನೇ ಮುಂದುವರಿಸಿದಳು.

"ಆಮ್ಯಾಕೆ ದಂಡಿಗನಹಳ್ಳಿ ಮಕ್ಳ ಜೊತೆ ಬಿದ್ದೆ. ಇವತ್ತು ಎಷ್ಟು ಮಕ್ಳು ಬತ್ತವೆ, ಉಪ್ಪಿಟ್ಟು ಸಾಲ್ತದೋ ಇಲ್ವೋ, ಯಾವುದು ಎಲ್ಲಿ ಬಿದ್ದು ಹಲ್ಲು ಮುರ್ಕೋತದೋ, ಒಂದೂ ಗೊತ್ತಿರ್ತಿರಲಿಲ್ಲ. ಸಿಟ್ಟಿಗೆ ಪುರ್ಸೊತ್ತೆಲ್ಲಿ. ಬಿಗಿಯಾಗಿ ಹಾಕೇ. ಅಂಟ್ಸೋದ್ರಲ್ಲಿ ನಿನ್ನ ಕೈ ಚೆನ್ನಾಗೈತಲ್ಲ."

ಅವಳನ್ನು ಒಳಗೆ ಕರೆದುಕೊಂಡು ಹೋದರು. ಅವಳ ಮುಡಿಯಿಂದ ತೆಗೆದ ಕನಕಾಂಬರದ ತುಂಡು ನನ್ನ ಕೈಯಲ್ಲಿತ್ತು. ಎದುರು ಗೋಡೆಯ ಮೇಲೆ ಯಾವುದೋ ದೇವರ ಪಟ, ಗಾಜು ಹಾಕಿಸಿದ್ದು. ಕುಡಿಯುವ ನೀರಿನ ನಲ್ಲಿ ಎರಡೇ ಮಾರು ದೂರ. ಅರುವತ್ತು ದಾಟಿದ ನಿವೃತ್ತ ಹೆಡ್‌ಮಿಸ್ಸು, ಆ ಕಾರಿಡಾರಿನಲ್ಲಿ, ಹೂವನ್ನು ಒದ್ದೆ ಮಾಡಿಕೊಳ್ಳಲು ಎದ್ದು ನಿಂತಿದ್ದಳು ಎಂಬುದನ್ನೂ ಬರೆದಿಡುತ್ತೇನೆ. ನಲ್ಲಿಯ ತನಕ ಹೋಗಿ, ನೀರು ಕುಡಿದು ಬಂದು ಕೂತೆ. ಹೂ ಚೀಲದೊಳಗೆ ಹೋಯಿತು. ಆಮೇಲಿನ ಎರಡು ಗಂಟೆ, ಏನೂ ಗೊತ್ತಿಲ್ಲದೆ ಕೂರುವುದು ಹೇಗೆಂದು ಗೊತ್ತಿಲ್ಲದೆ, ಕೂತಿದ್ದೆ.

ಈಗ ಗಂಗತ್ತೆ ಹಾಸನದ ನಮ್ಮ ಮನೆಯಲ್ಲೇ ಇದ್ದಾಳೆ. ಕ್ಷಮಿಸಿದೆಯಾ ಎಂದು ನಾನು ಕೇಳಿಲ್ಲ. ಕೇಳಿದರೆ ಎರಡರಲ್ಲಿ ಒಂದು ಹೂ ಬೀಳಲೇಬೇಕಾಗುತ್ತದೆ. ಮೂರು ತಿಂಗಳಾಗುವುದಕ್ಕೆ ಇನ್ನೂ ದಿನವಿದೆ. ನಾನು ಕ್ಯಾಲೆಂಡರಿನ ಮುಂದೆ ನಿಲ್ಲುವುದನ್ನು ಬಿಟ್ಟಿದ್ದೇನೆ, ಪೂರ್ತಿ ಬಿಟ್ಟಿದ್ದೇನೆ ಎನ್ನಲಾರೆ. ಬೆಳಗ್ಗೆ ಅವಳು ವರಾಂಡದ ಕುರ್ಚಿಯಲ್ಲಿ ಕೂತು, ಅಂಗೈಯಿಂದ ಬಲಗಣ್ಣು ಮುಚ್ಚಿಕೊಂಡು, ಎಡಗಣ್ಣನ್ನು ನನ್ನ ಕಡೆ ತಿರುಗಿಸುತ್ತಾಳೆ. ಇವತ್ತೂ, ಏನಾದರೂ ಕಾಣುತ್ತದಾ ಎಂದು ಕೇಳಿದೆ.

"ಎಂಥದೋ ಬೆಳ್ಳಗೆ ಐತೆ. ಕಿಟಕೀನೋ, ನಿನ್ನ ತಲೇನೋ, ಗೊತ್ತಾಗಕಿಲ್ಲ. ಅದ್ಯಾಕೆ ನಿಂತೆ, ಬಾಚಣಿಗೆ ತಗಂಬಾ."